ಅಂಕಿ ಹಸಿರಾಗಿಯೇ ಇತ್ತು

ಡಿಸೆಂಬರ್ 4

ಸಿಟ್ಟು ನೆತ್ತಿಗೇರಿದೆ. ಯಾರ ಮುಂದೆ ಹೇಳಿದರೂ ನಗುತ್ತಾರೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಬೆಳಿಗ್ಗೆ ನಮ್ಮ ಲಾಂಡ್ರಿಗೆ ಬಂದ ಆಸ್ಪತ್ರೆಯ ಬೆಡ್‌ಶೀಟುಗಳನ್ನೆಲ್ಲ ಒಗೆದು, ನೀಲಿ ಹಾಕಿ, ಹಿಂಡಿ, ತಾರಸಿಯ ತಂತಿಗಳ ಮೇಲೆ ಹರವಿ ಕೆಳಗಿಳಿದೆ. ಟೀ ಕುಡಿದು ಮತ್ತೆ ಹತ್ತಿ ನೋಡಿದರೆ ಗುಡ್ಡದ ಕಡೆಯಿಂದ ಹೊಗೆ ಇಳಿದು ಬಂದು ನನ್ನ ತಂತಿಗಳ ನಡುವೆ ಅಪ್ಪನ ಮನೆಯಲ್ಲಿದ್ದಂತೆ ಓಡಾಡುತ್ತಿದೆ. ಶೀಟುಗಳ ತುಂಬ ಬೂದಿಯ ಚುಕ್ಕೆ. ಒರೆಸಹೋದರೆ ಇನ್ನಷ್ಟು ಬಳಿದುಕೊಳ್ಳುತ್ತದೆ. ಬೆಳಗಿನಿಂದ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೇಹಣ್ಣು ತೊಳೆದಂತಾಯಿತು.

ಹೊಗೆ ಹಾಕಿದವರು ಬೇರೆ ಯಾರೂ ಅಲ್ಲ, ನನ್ನ ಗಂಡನ ಅಣ್ಣ. ಭಾವ ಅರಣ್ಯ ಇಲಾಖೆಯಲ್ಲಿ ಬೆಂಕಿ ತಂಡದ ಮುಖ್ಯಸ್ಥರು. ಚಳಿಗಾಲದಲ್ಲಿ ಕಾಡಿಗೆ ತಾವೇ ಅಳತೆಯ ಬೆಂಕಿ ಇಡುತ್ತಾರೆ, ಬೇಸಿಗೆಯಲ್ಲಿ ಅದೇ ಕಾಡಿನ ಬೆಂಕಿ ಆರಿಸಲು ಓಡುತ್ತಾರೆ. ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುವುದಕ್ಕೆ ಸಂಬಳ ಕೊಡುತ್ತಾರೆಂದು ನನಗೆ ಗೊತ್ತಾದದ್ದು ಈ ಮನೆಗೆ ಬಂದ ಮೇಲೆಯೇ.

ಅತ್ತೆ ತಾರಸಿಯ ಮೆಟ್ಟಿಲ ಮೇಲೆ ಕೂತು ನಗುತ್ತಿದ್ದರು. “ನನ್ನ ಮಗನ ಹೊಗೆ ಕಣೇ ಅದು, ಬೈಬೇಡ. ಎರಡು ಮಾತಾಡ್ಸಿ ಕಳಿಸು.” ಅವರಿಗೆ ಹಳೆಯ ದಮ್ಮು. ಸೊಂಟದಲ್ಲಿ ಬೀಗದ ಕೈ ಇರಬೇಕಾದ ಜಾಗದಲ್ಲಿ ಇನ್ಹೇಲರ್ ಸಿಕ್ಕಿಸಿಕೊಂಡಿರುತ್ತಾರೆ. ನನ್ನನ್ನು ಒಂದು ದಿನವೂ ಗದರಿದವರಲ್ಲ. ನನಗೆ ತಲೆನೋವು ಬಂದರೆ ತಾವೇ ಬಂದು ಹಣೆ ಒತ್ತುತ್ತಾರೆ. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ಆಗದೆ ಎಲ್ಲವನ್ನೂ ಮತ್ತೆ ಒಗೆದೆ.

ಡಿಸೆಂಬರ್ 7

ಎರಡನೇ ಸಲ ಒಗೆದದ್ದನ್ನೂ ಆಸ್ಪತ್ರೆಯವರು ಹಿಂದಕ್ಕೆ ಕಳಿಸಿದರು. ಹೊಗೆಯ ವಾಸನೆಯಂತೆ. ಉಸಿರಾಟದ ವಾರ್ಡಿಗೆ ಹಾಸಲು ಬರುವುದಿಲ್ಲವಂತೆ. ಲಾಂಡ್ರಿಯ ವ್ಯಾನು ಓಡಿಸುವವರು ನಮ್ಮ ಯಜಮಾನರೇ. ಮೂಟೆಗಳನ್ನು ಇಳಿಸಿ, ನನ್ನ ಮುಖ ನೋಡಲಾರದೆ ವ್ಯಾನಿನ ಟೈರು ನೋಡುತ್ತ ನಿಂತರು.

ಮಧ್ಯಾಹ್ನ ಭಾವ ಊಟಕ್ಕೆ ಬಂದರು. ಬಡಿಸುತ್ತಲೇ ಕೇಳಿದೆ.

“ಭಾವ, ಅಷ್ಟು ದೊಡ್ಡ ಕಾಡಲ್ಲಿ ನಿಮಗೆ ನಮ್ಮ ತಾರಸಿ ಎದುರಿನ ಗುಡ್ಡವೇ ಬೇಕಿತ್ತಾ?”

“ಅಲ್ಲೇ ಅಲ್ವಾ ತರಗೆಲೆ ಮೊಣಕಾಲುದ್ದ ಬಿದ್ದಿರೋದು. ಈಗ ಇಬ್ಬನಿ ಇದೆ, ಬೆಂಕಿ ನಾವು ಹೇಳಿದ ಮಾತು ಕೇಳುತ್ತೆ. ನಾಲ್ಕು ದಿನ ಹೊಗೆ, ಆಮೇಲೆ ಮುಗೀತು. ಬಿಟ್ರೆ ಬೇಸಿಗೇಲಿ ತಾನಾಗೇ ಹತ್ಕೊಳ್ಳುತ್ತೆ. ಆಗ ಅದು ಯಾರ ಮಾತೂ ಕೇಳಲ್ಲ.”

“ನಾಲ್ಕು ದಿನ ಅಂತ ನೀವು ಹೇಳ್ತೀರಿ. ಅತ್ತೆ ಎದೆ ಕೇಳಿ.”

“ಅಮ್ಮನಿಗೆ ಹೇಳಿದೀನಿ. ನಾವು ಸುಡೋ ದಿನ ಕಿಟಕಿ ಹಾಕ್ಕೊಂಡು ಒಳಗಿರ್ಲಿ. ಹೊರಗೆ ಬಂದ್ರೆ ಮಾಸ್ಕ್ ಹಾಕ್ಕೊಳ್ಲಿ. ಹಿಂದಿನ ದಿನವೇ ಊರಿಗೆಲ್ಲ ಮೈಕಲ್ಲಿ ಕೂಗ್ಸಿದ್ವಲ್ಲ.”

“ಕೂಗಿದ್ದು ಇವಳ ಬೆಡ್‌ಶೀಟಿಗೆ ಕೇಳಿಸ್ಲಿಲ್ಲ ಅಂತ ಕಾಣುತ್ತೆ” ಎಂದರು ಅತ್ತೆ. ಅಮ್ಮ ಮಗ ಇಬ್ಬರೂ ನಕ್ಕಿದ್ದೇ ನಕ್ಕಿದ್ದು.

ನಿಜ ಹೇಳಬೇಕೆಂದರೆ ಈ ದಿನಗಳಲ್ಲಿ ಅತ್ತೆ ಹೆಚ್ಚೇನೂ ಕೆಮ್ಮಿಲ್ಲ. ಆದರೆ ಕೆಮ್ಮಬಹುದಿತ್ತಲ್ಲ. ಅದನ್ನು ಯೋಚಿಸುವವರು ಈ ಮನೆಯಲ್ಲಿ ನಾನೊಬ್ಬಳೇ.

ಡಿಸೆಂಬರ್ 12

ಗೆದ್ದೆ!

ಬೀದಿಯ ಹೆಂಗಸರನ್ನೆಲ್ಲ ಹೊರಡಿಸಿಕೊಂಡು ಅರಣ್ಯ ಕಚೇರಿಗೆ ನುಗ್ಗಿದೆ. ಬೂದಿ ಬಿದ್ದ ಬೆಡ್‌ಶೀಟಿನ ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ಪಕ್ಕದ ಮನೆಯ ಟೀಚರಮ್ಮನ ಕೈಯಲ್ಲಿ. ಅತ್ತೆಯನ್ನು ವ್ಯಾನಿನ ಮುಂದಿನ ಸೀಟಿನಲ್ಲಿ ಕೂರಿಸಿ ದಾರಿಯುದ್ದಕ್ಕೂ ಹೇಳಿಕೊಟ್ಟಿದ್ದೆ: ನಾನು ‘ನಮ್ಮತ್ತೆ ಎದೆ’ ಅಂದ ತಕ್ಷಣ ಕೆಮ್ಮಬೇಕು. ಅವರು ಗೇಟಿನ ಹತ್ತಿರವೇ ಒಮ್ಮೆ ಕೆಮ್ಮಿ “ಸಾಕಾ?” ಎಂದು ಕೇಳಿದರು. ಕಾವಲುಗಾರ ನಕ್ಕುಬಿಟ್ಟ. ಆದರೆ ಒಳಗೆ ಹೋದ ಮೇಲೆ ಎಷ್ಟು ಸರಿಯಾದ ಸಮಯಕ್ಕೆ ಕೆಮ್ಮಿದರೆಂದರೆ ಅಧಿಕಾರಿಯ ಮುಖ ಹುಳ್ಳಗಾಯಿತು. ಪಾಪ, ಹೊಸಬರು. ಈ ವರ್ಷ ಇನ್ನು ಸುಡುವುದಿಲ್ಲ ಎಂದರು.

ಬಾಗಿಲ ಹತ್ತಿರ ಭಾವ ನಕ್ಷೆ ಸುತ್ತಿ ಹಿಡಿದು ನಿಂತಿದ್ದರು. “ಇಳಿಜಾರು ಅರ್ಧ ಕೂಡ ಆಗಿಲ್ಲ ಸಾರ್” ಎಂದರು. ನಮ್ಮ ಚಪ್ಪಾಳೆಯಲ್ಲಿ ಅದು ಯಾರಿಗೆ ಕೇಳಬೇಕು.

ವಾಪಸು ಮನೆ ಹತ್ತಿರ ಬಂದಾಗ ಅತ್ತೆ, “ಇನ್ನೊಂದ್ಸಲ ನನ್ನ ಕೆಮ್ಮು ಕೇಳ್ಬೇಡ ಕಣೇ. ಹೆತ್ತ ಮಗನ ಅನ್ನಕ್ಕೆ ಕಲ್ಲು ಹಾಕ್ದ ಹಾಗಾಯ್ತು” ಎಂದರು. “ನಿಮಗೋಸ್ಕರ ಅಲ್ವಾ ಅತ್ತೆ ಮಾಡಿದ್ದು” ಎಂದೆ. ಅವರು ನನ್ನ ಕೆನ್ನೆ ಸವರಿದರು.

ಜನವರಿ 20

ಶೀಟುಗಳು ಹಾಲು ಬಿಳುಪು. ಭಾವ ಊಟಕ್ಕೆ ಬರುವುದನ್ನು ಬಿಟ್ಟಿದ್ದಾರೆ. ಒಂದು ತಟ್ಟೆ ಕಡಿಮೆ ತೊಳೆಯಬೇಕು, ಅಷ್ಟೇ.

ಏಪ್ರಿಲ್ 9

ಗುಡ್ಡ ಹತ್ತಿಕೊಂಡಿದೆ. ಮೊನ್ನೆ ಮಳೆಯಿಲ್ಲದ ಸಿಡಿಲು ಬಡಿದು ಹತ್ತಿದ್ದು, ಈಗ ಮರದ ತುದಿಯಿಂದ ತುದಿಗೆ ಹಾರುತ್ತಿದೆಯಂತೆ. ಭಾವನ ತಂಡ ಮೇಲೆ ಹೋಗಿದೆ. ಮಧ್ಯಾಹ್ನ ಹನ್ನೆರಡಕ್ಕೆ ಲೈಟು ಹಾಕಿಕೊಂಡು ಅಡಿಗೆ ಮಾಡಿದೆ. ಸೂರ್ಯ ತೊಳೆಯದ ತಾಮ್ರದ ತಟ್ಟೆಯ ಹಾಗಿದ್ದಾನೆ. ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ಊರೆಲ್ಲ ಕೆಮ್ಮುತ್ತಿದೆ. ತಾರಸಿಗೆ ಹೋಗುವ ಮಾತೇ ಇಲ್ಲ, ಲಾಂಡ್ರಿ ಮುಚ್ಚಿದೆ.

ಟೀಚರಮ್ಮ ಕಾಂಪೌಂಡಿನ ಮೇಲಿಂದ, “ಅವತ್ತು ಸುಡದೇ ಬಿಟ್ಟ ಇಳಿಜಾರೇ ಅಂತೆ” ಎಂದಳು. ಬೆಡ್‌ಶೀಟಿನ ಇನ್ನೊಂದು ತುದಿ ಹಿಡಿದವಳು ಇವಳೇ! ಸಿಡಿಲು ಬಡಿದದ್ದಕ್ಕೆ ನಾನೇನು ಮಾಡಲಿ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ.

ಅತ್ತೆಗೆ ಸಂಜೆಯಿಂದ ಉಸಿರು ಸಿಗುತ್ತಿಲ್ಲ. ಎದೆಯೊಳಗೆ ಬೆಕ್ಕಿನ ಮರಿ ಕೂತಂತೆ ಸದ್ದು.

ಏಪ್ರಿಲ್ 10

ಆಸ್ಪತ್ರೆಯ ಡಾಕ್ಟರಮ್ಮ ನೋಡಿ ಔಷಧಿ ಹೆಚ್ಚಿಸಿದರು. ವಾರ್ಡಿನಲ್ಲಿ ಕಾಲಿಡಲು ಜಾಗವಿಲ್ಲ, ಮನೆಯಲ್ಲೇ ನೋಡಿಕೊಳ್ಳಿ ಎಂದರು.

“ಒಂದು ಕೋಣೆ ಆರಿಸ್ಕೊಳ್ಳಿ. ಸಂದಿಗೊಂದಿ ಮುಚ್ಚಿ, ಗಾಳಿ ಸೋಸೋ ಯಂತ್ರ ಇಡಿ. ಕಾಡಿನ ಹೊಗೇಲಿರೋ ಸಣ್ಣ ಧೂಳು ಕಣ್ಣಿಗೆ ಕಾಣಲ್ಲ, ಎದೆ ಆಳಕ್ಕೆ ಇಳಿದುಬಿಡುತ್ತೆ. ಕೋಣೆ ಒಳಗೆ ಹೊಗೆ, ಘಾಟು ಏನೂ ಮಾಡ್ಬೇಡಿ. ಉಸಿರು ಕಟ್ಟಿದ್ರೆ ಮೊದಲು ಇನ್ಹೇಲರ್, ತಡ ಮಾಡ್ದೆ ಕರ್ಕೊಂಡು ಬನ್ನಿ.”

ಇಸ್ತ್ರಿ ಕೋಣೆಯೇ ಸರಿ ಎನಿಸಿತು, ಒಂದೇ ಕಿಟಕಿ. ಇವರು ಊರೆಲ್ಲ ಅಲೆದು ಯಂತ್ರ ತಂದರು. ಜೊತೆಗೊಂದು ಅಂಗೈಯಗಲದ ಪೆಟ್ಟಿಗೆ. ಗಾಳಿಯ ಸಣ್ಣ ಧೂಳು ಎಣಿಸಿ ಅಂಕಿ ತೋರಿಸುತ್ತದೆ. ಕಡಿಮೆಯಿದ್ದರೆ ಹಸಿರು, ಏರಿದರೆ ಹಳದಿ, ಆಮೇಲೆ ಕೆಂಪು, ಕೊನೆಗೆ ನೇರಳೆ. ಮೊದಲು ಹಚ್ಚಿದಾಗ ನೇರಳೆ ತೋರಿಸಿತು. ಸಂದಿಗಳಿಗೆಲ್ಲ ಟೇಪು ಅಂಟಿಸಿದೆ. ಆಗ ಒಗೆಯುವವಳ ಬುದ್ಧಿ ಓಡಿತು. ಆಸ್ಪತ್ರೆಯ ಬೆಡ್‌ಶೀಟುಗಳನ್ನು ಒದ್ದೆ ಮಾಡಿ ಕಿಟಕಿಗೂ ಬಾಗಿಲಿಗೂ ಇಳಿಬಿಟ್ಟೆ. ಬರೀ ನೀರಲ್ಲಿ ಅದ್ದಿದರೆ ಮುಗ್ಗಲು ವಾಸನೆ ಬರುತ್ತದೆಂದು ಬ್ಲೀಚಿಂಗ್ ಪುಡಿ ಕದಡಿದ ನೀರಲ್ಲಿ ಅದ್ದಿದೆ.

ಅಂಕಿ ಇಳಿಯುತ್ತ ಇಳಿಯುತ್ತ ಹಸಿರಾಯಿತು. ಅತ್ತೆಯ ಕೈ ಹಿಡಿದುಕೊಂಡು ಅತ್ತುಬಿಟ್ಟೆ. ನನ್ನ ಜೀವಮಾನದಲ್ಲಿ ಇಷ್ಟು ಮುದ್ದಾದ ಬಣ್ಣ ನೋಡಿಲ್ಲ.

ಏಪ್ರಿಲ್ 13

ಬಾಗಿಲ ವಿಷಯ ಈ ಮನೆಯವರಿಗೆ ಎಷ್ಟು ಹೇಳಿದರೂ ತಲೆಗೆ ಹೋಗುವುದಿಲ್ಲ. ಒಂದು ಸಲ ತೆಗೆದರೆ ಹಳದಿ, ಎರಡು ಸಲ ತೆಗೆದರೆ ಕೆಂಪು. ಅತ್ತೆಗೆ ಊಟ ತರುವುದಕ್ಕೆ, ಬಚ್ಚಲಿಗೆ ಹೋಗುವುದಕ್ಕೆ, ಎಲ್ಲವನ್ನೂ ಒಟ್ಟಿಗೇ ಮುಗಿಸಬೇಕೆಂದು ಹೇಳಿದ್ದೇನೆ. ಇವರು ಹೊರಗಿನ ಕೋಣೆಯಲ್ಲಿ ಮಾಸ್ಕ್ ಹಾಕಿಕೊಂಡು ಮಲಗುತ್ತಾರೆ. ಅತ್ತೆಯನ್ನು ನೋಡಿಕೊಳ್ಳಲು ಒಳಗೆ ಯಾರಾದರೂ ಇರಲೇಬೇಕಲ್ಲ, ನಾನಿದ್ದೇನೆ.

ಏಪ್ರಿಲ್ 15

ಅಂಕಿ ಹಸಿರಿದೆ, ಅತ್ತೆ ಮಾತ್ರ ಕೆಮ್ಮುತ್ತಾರೆ. “ಮೂಗು ಚುರುಗುಟ್ಟುತ್ತೆ ಕಣೇ, ಕಣ್ಣುರಿ. ಈ ಬಟ್ಟೆ ತೆಗೆಸು” ಎನ್ನುತ್ತಾರೆ. ಪೆಟ್ಟಿಗೆಯನ್ನು ಅವರ ಮುಖದ ಹತ್ತಿರ ಹಿಡಿದು ತೋರಿಸಿದೆ. “ನೋಡಿ, ಗಾಳಿ ಸರಿಯಾಗಿದೆ.” “ಅದಕ್ಕೆ ಸರಿ ಇರ್ಬೋದು, ನನಗಿಲ್ಲ” ಎಂದರು.

ವಯಸ್ಸಾದಂತೆ ಹಟ ಜಾಸ್ತಿ.

ಏಪ್ರಿಲ್ 16

ಹೊರಗಿನ ಹೊಗೆಯ ವಾಸನೆ ಒಳಗೂ ಬಂದಂತೆ ಅನಿಸಿತು. ಪುಡಿ ದುಪ್ಪಟ್ಟು ಹಾಕಿ ಶೀಟುಗಳನ್ನು ಮತ್ತೆ ಅದ್ದಿದೆ. ಈಗ ಕೋಣೆ ಆಸ್ಪತ್ರೆಯ ಹಾಗೆ ಘಮಘಮಿಸುತ್ತಿದೆ. ಅತ್ತೆ ಗೋಡೆ ಕಡೆ ತಿರುಗಿ ಮಲಗಿದ್ದಾರೆ. ಅವರು ಕೆಮ್ಮಿದಾಗಲೆಲ್ಲ ನನ್ನ ನಿದ್ದೆ ಹಾರಿಹೋಗುತ್ತದೆ. ನನಗೂ ಜೀವ ಅಂತ ಒಂದಿದೆ.

ಏಪ್ರಿಲ್ 18

ಮಧ್ಯಾಹ್ನ ಭಾವ ಗುಡ್ಡದಿಂದ ಇಳಿದು ಬಂದರು. ಹೊರಗೆ ಇವರು “ಅಯ್ಯೋ, ಏನಣ್ಣ ಇದು ಅವಸ್ಥೆ” ಎಂದದ್ದು ಕೇಳಿಸಿತು. ಬಾಗಿಲ ಸಂದಿಯಲ್ಲಿ ನೋಡಿದೆ. ಹುಬ್ಬು ಸುಟ್ಟಿದೆ, ಬಟ್ಟೆ ಕರಿ, ಗೋಡೆ ಹಿಡಿದುಕೊಂಡು ನಿಂತಿದ್ದಾರೆ. ಒಂದು ಮಾತಿಗೆ ಎರಡು ಸಲ ಉಸಿರು ಎಳೆಯುತ್ತಾರೆ.

“ಅಮ್ಮನ್ನ ನೋಡಿ ಹೋಗ್ತೀನಿ, ಬಾಗಿಲು ತೆಗಿ ತಾಯಿ.”

“ಬೇಡ ಭಾವ. ನಿಮ್ಮ ಮೈಯೆಲ್ಲ ಬೂದಿ.”

“ಸ್ನಾನ ಮಾಡ್ಕೊಂಡು ಬರ್ತೀನಿ.”

“ಕೂದಲಲ್ಲಿ ಇದ್ದೇ ಇರುತ್ತೆ. ಅತ್ತೆಗೆ ಒಳ್ಳೇದಾಗ್ಬೇಕು ಅಂತಿದ್ರೆ ದೂರ ಇರಿ.”

ಅವರು ಸಂದಿಯ ಹತ್ತಿರ ಮುಖ ತಂದರು. ಆಮೇಲೆ, “ಏನಮ್ಮ ಇದು ವಾಸನೆ? ಸಂದೀಲೇ ಕಣ್ಣುರೀತಿದೆ. ಬ್ಲೀಚಿಂಗಾ? ಮುಚ್ಚಿದ ಕೋಣೇಲಾ? ಅಮ್ಮನ ಎದೆಗೆ ಅದು ವಿಷ ಕಣಮ್ಮ, ಮೊದಲು ತೆಗಿ ಅದನ್ನ!”

“ಅಂಕಿ ಹಸಿರಿದೆ ಭಾವ.”

“ಅಂಕಿ ಉಸಿರಾಡುತ್ತೇನಮ್ಮ?”

“ಬೆಂಕಿ ಇಡೋರ ಹತ್ರ ಗಾಳಿ ಪಾಠ ಹೇಳಿಸ್ಕೊಳ್ಳೋ ಗತಿ ನನಗಿನ್ನೂ ಬಂದಿಲ್ಲ” ಎಂದೆ. ಕೊಡಬೇಕಾದ ಉತ್ತರವನ್ನೇ ಕೊಟ್ಟೆ ಎನಿಸಿತು. ಅವರು ಅಲ್ಲಿಂದ ಹೋಗಿ ಜಗಲಿಯ ಮೇಲೆ ಕೂತರು.

ಹಿಂದೆ ನೋಡಿದರೆ ಅತ್ತೆ ಎದ್ದು ಚಪ್ಪಲಿ ಹುಡುಕುತ್ತಿದ್ದಾರೆ. “ನನ್ನ ಮಗ ಜಗಲೀಲಿ ಕೂತಿದಾನೆ. ನಾನು ಇಲ್ಲಿ ನಿನ್ನ ಬೆಡ್‌ಶೀಟಿನ ಹಾಗೆ ನೇತಾಡ್ತಾ ಇರ್ಲಾ?” ನಾನು ಬಾಗಿಲಿಗೆ ಅಡ್ಡ ನಿಂತೆ. ಅವರ ಒಳ್ಳೆಯದಕ್ಕೇ. “ದಾರಿ ಬಿಡು” ಎಂದರು. ಇಷ್ಟು ವರ್ಷದಲ್ಲಿ ನನ್ನನ್ನು ಗದರಿದ್ದು ಇದೇ ಮೊದಲು. ಇವರು ಹೊರಗಿನಿಂದ ಬಾಗಿಲು ತಳ್ಳಿದರು, ಅತ್ತೆ ನನ್ನ ತೋಳಿನ ಕೆಳಗೆ ನುಸುಳಿ ಹೋದರು. ಪೆಟ್ಟಿಗೆ ಕೆಂಪಾಯಿತು. ಬಾಗಿಲು ಹಾಕಿ, ಚಿಲಕ ಇಟ್ಟು, ಕೆಳಗಿನ ಸಂದಿಗೆ ಬಟ್ಟೆ ತುರುಕಿದೆ.

ಜಗಲಿಯಿಂದ ಇಬ್ಬರ ಕೆಮ್ಮೂ ಕೇಳುತ್ತಿತ್ತು. ಯಾವುದು ಯಾರದೆಂದು ಗೊತ್ತಾಗುತ್ತಿರಲಿಲ್ಲ. ನಡುವೆ ಅತ್ತೆ ಏನೋ ಹೇಳಿ ನಕ್ಕರು. ಹೊರಗೆ ಹೊಗೆಯಲ್ಲಿ ಕೂತು ನಗುತ್ತಾರೆ, ಒಳಗೆ ಶುದ್ಧ ಗಾಳಿಯಲ್ಲಿ ಮುಖ ತಿರುಗಿಸುತ್ತಾರೆ. ಮಾಡಿದ್ದಕ್ಕೆ ಬೆಲೆಯೇ ಇಲ್ಲ.

ಆಮೇಲೆ ನಗು ನಿಂತಿತು. ಇವರು ಬಾಗಿಲು ಬಡಿದರು.

“ಅಮ್ಮನ ಇನ್ಹೇಲರ್ ಒಳಗೇ ಬಿಟ್ಟಿದೆ. ಕೊಡು, ಬೇಗ ಕೊಡು!”

“ಈಗ ತಾನೇ ಹಳದಿಗೆ ಇಳಿದಿದೆ. ತಡೀರಿ, ಹಸಿರಾಗ್ಲಿ.”

“ಏನಂದೆ?”

“ಹಸಿರಾದ ತಕ್ಷಣ ಕೊಡ್ತೀನಿ ಅಂದೆ.”

ಬಾಗಿಲು ಮುರಿದುಹೋಗುವಂತೆ ಬಡಿದರು. ಆ ಅದುರಿಗೇ ಶೀಟು ಜಾರಿ ಹೊಗೆ ನುಗ್ಗಬಹುದಿತ್ತು, ಅಷ್ಟೂ ತಿಳಿವಳಿಕೆ ಇಲ್ಲ. ನಾನು ಪೆಟ್ಟಿಗೆ ನೋಡುತ್ತ ನಿಂತೆ. ಹಸಿರಾಯಿತು. ಚಿಲಕ ತೆಗೆದು ಕೈ ಮಾತ್ರ ಹೊರಗೆ ಚಾಚಿ ಇನ್ಹೇಲರ್ ಕೊಟ್ಟೆ.

ಕೊಟ್ಟೆ. ಕೊಡಲಿಲ್ಲ ಎಂದೇನೂ ಇಲ್ಲ.

ವ್ಯಾನು ಹೋದ ಸದ್ದು ಕೇಳಿಸಿತು. ಮನೆ ನಿಶ್ಶಬ್ದವಾಯಿತು. ಎಷ್ಟೋ ದಿನಗಳ ಮೇಲೆ ಕಣ್ತುಂಬ ನಿದ್ದೆ ಬಂತು.

ಏಪ್ರಿಲ್ 19

ಅತ್ತೆ ಹೋದರು. ದಾರಿಯಲ್ಲೇ ಹೋಗಿದ್ದರಂತೆ. ಭಾವನನ್ನು ಅದೇ ವ್ಯಾನಿನಿಂದ ಇಳಿಸಿ ವಾರ್ಡಿಗೆ ಹಾಕಿದ್ದಾರೆ.

ಆಸ್ಪತ್ರೆಯಲ್ಲಿ ಅತ್ತೆಗೆ ಹೊದಿಸಿದ್ದು ನಮ್ಮ ಬೆಡ್‌ಶೀಟು. ಮೂಲೆಯಲ್ಲಿ ನಾನೇ ಕೆಂಪು ದಾರದಲ್ಲಿ ಹಾಕಿದ ಗುರುತು. ಕುತ್ತಿಗೆಯ ಹತ್ತಿರ ಬೂದಿ ಬಣ್ಣದ ಒಂದು ಚುಕ್ಕೆ. ನಮ್ಮ ಲಾಂಡ್ರಿಯಿಂದ ಇಂಥದ್ದು ಹೇಗೆ ಹೋಯಿತು? ನೋಡಿದವರು ಏನೆಂದುಕೊಂಡರೋ. ಚುಕ್ಕೆ ಕಾಣದಂತೆ ಮಡಿಸಿ ಸರಿಮಾಡಿದೆ. ಅತ್ತೆಯ ಕೆನ್ನೆ ತಣ್ಣಗಿತ್ತು.

ಡಾಕ್ಟರಮ್ಮ ನನ್ನ ಕೈ ಹಿಡಿದುಕೊಂಡವರು ಹಾಗೇ ಮೂಗಿನ ಹತ್ತಿರ ತಂದರು. “ಬ್ಲೀಚಿಂಗ್ ವಾಸನೆ. ಇದನ್ನ ಆ ಕೋಣೇಲಿ ಬಳಸಿದ್ರಾ?”

“ಹೌದು. ಅಂಕಿ ಹಸಿರಾಗಿಯೇ ಇತ್ತು.”

“ಆ ಪೆಟ್ಟಿಗೆ ಧೂಳು ಮಾತ್ರ ಎಣ್ಸುತ್ತೆ. ಈ ಘಾಟನ್ನ ಎಣ್ಸಲ್ಲ. ಘಾಟು ಬೇಡ ಅಂತ ಹೇಳಿದ್ದೆನಲ್ಲಮ್ಮ.” ಅವರ ಕಣ್ಣು ಕೆಂಪಾಗಿತ್ತು. ಪಾಪ, ನಿದ್ದೆಯಿಲ್ಲದೆ ಏನೇನೋ ಮಾತಾಡುತ್ತಾರೆ.

ಇವರು ನನ್ನ ಜೊತೆ ಮನೆಗೆ ಬರಲಿಲ್ಲ.

ಮೇ 6

ಮಳೆ ಬಂತು, ಬೆಂಕಿ ಆರಿತು. ಆಸ್ಪತ್ರೆಯಲ್ಲಿ ಮಂಚಗಳ ನಡುವೆಯೂ ಹಾಸಿಗೆ ಹಾಕಿದ್ದಾರೆ. ಶೀಟುಗಳು ಮೊದಲಿಗಿಂತ ಎರಡು ಪಾಲು ಬರುತ್ತಿವೆ. ನನಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ. ಇವರು ವ್ಯಾನಿನಲ್ಲೇ ಮಲಗುತ್ತಾರೆ. ಮೂಟೆ ಇಳಿಸುತ್ತಾರೆ, ಮೂಟೆ ಏರಿಸುತ್ತಾರೆ, ಮಾತಿಲ್ಲ. ದುಃಖ ಒಬ್ಬೊಬ್ಬರಿಗೆ ಒಂದೊಂದು ಥರ.

ನನಗೆ ಇಸ್ತ್ರಿ ಕೋಣೆಯೇ ಒಗ್ಗಿಹೋಗಿದೆ. ಯಂತ್ರದ ಸದ್ದಿಲ್ಲದೆ ನಿದ್ದೆ ಬರುವುದಿಲ್ಲ.

ಆಗಸ್ಟ್ 22

ಭಾವನನ್ನು ಮನೆಗೆ ಕಳಿಸಿದರು. ಹೊಗೆ ಕುಡಿದು ಶ್ವಾಸಕೋಶದಲ್ಲಿ ಗಾಯದ ಕಲೆ ಕಟ್ಟಿದೆಯಂತೆ, ಇನ್ನು ಗುಡ್ಡ ಹತ್ತುವಂತಿಲ್ಲ. ನಮ್ಮ ಮೂರು ಮೆಟ್ಟಿಲು ಹತ್ತುವಾಗಲೂ ನಡುವೆ ನಿಂತರು. ಊಟ ಬಡಿಸಿದೆ. ಅಮ್ಮ ಕೂರುತ್ತಿದ್ದ ಜಾಗ ನೋಡುತ್ತ ಕೂತಿದ್ದರು, ತಿನ್ನಲಿಲ್ಲ. ನನ್ನನ್ನೇನೂ ಕೇಳಲಿಲ್ಲ. ಕೇಳುವುದಕ್ಕಾದರೂ ಏನಿದೆ?

ನವೆಂಬರ್ 30

ಈ ಅರಣ್ಯ ಇಲಾಖೆಯವರಿಗೆ ಬುದ್ಧಿ ಬರುವುದು ಯಾವಾಗ! ಮತ್ತೆ ಮೈಕಿನಲ್ಲಿ ಕೂಗಿಸಿದ್ದಾರೆ. ಈ ಸಲ ಊರಿನ ಆ ಬದಿಯ ಗುಡ್ಡವಂತೆ. ಬೇಸಿಗೆಯಲ್ಲಿ ಉರಿಯದೆ ಉಳಿದದ್ದು, ಆಸ್ಪತ್ರೆ ಅದರ ಬುಡದಲ್ಲೇ ಇದೆ. ಇಬ್ಬನಿ ಇರುವಾಗ ಸುಟ್ಟುಬಿಡಬೇಕಂತೆ. ಮೊದಲು ಊರವರ ಸಭೆ.

ಅತ್ತೆಯ ಫೋಟೋ ದೊಡ್ಡದು ಮಾಡಿಸಿದೆ. ನಗುತ್ತಿರುವುದು ಬೇಡವೆಂದು ಬೇರೆಯದನ್ನು ಆರಿಸಿಕೊಂಡೆ.

ಡಿಸೆಂಬರ್ 5

ಸಭೆಯಲ್ಲಿ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ. ಅತ್ತೆಯ ಫೋಟೋ ಎತ್ತಿ ಹಿಡಿದು ಹೇಳಿದೆ: ಹೊಗೆ ನಮ್ಮ ಮನೆಯ ಹಿರಿಯ ಜೀವವನ್ನು ತಿಂದಿತು, ಇನ್ನೊಂದು ಕಡ್ಡಿ ಗೀರಲೂ ಬಿಡುವುದಿಲ್ಲ. ಹೆಂಗಸರು ಕಣ್ಣೊರೆಸಿಕೊಂಡರು.

ಆಗ ಹಿಂದಿನ ಸಾಲಿನಲ್ಲಿ ಭಾವ ಎದ್ದು ನಿಂತರು. ಇವರು ಅವರ ತೋಳು ಹಿಡಿದುಕೊಂಡಿದ್ದರು. ಕುರ್ಚಿಯಿಂದ ಕುರ್ಚಿಗೆ ಕೈಯಿಟ್ಟು ಮುಂದೆ ಬಂದರು.

“ಸುಡೋಕೆ ಬಿಡಿ” ಎಂದರು. “ಈಗ... ನಾಲ್ಕು ದಿನ... ಇಲ್ಲಾಂದ್ರೆ ಆಸ್ಪತ್ರೆ...” ಅಷ್ಟಕ್ಕೆ ಕೆಮ್ಮು ಹಿಡಿದುಕೊಂಡಿತು. ಬಗ್ಗಿದರು. ಮೇಜು ಹಿಡಿದುಕೊಂಡರು. ಮಾತಿಗಾಗಿ ಕೈಯೆತ್ತುತ್ತಾರೆ, ಮಾತು ಬರುವುದಿಲ್ಲ, ಕೆಮ್ಮು ಬಿಡುವುದಿಲ್ಲ.

ನಾನು ಹತ್ತಿರ ಹೋಗಿ ಅವರ ಬೆನ್ನು ಸವರುತ್ತ ಜನರ ಕಡೆ ತಿರುಗಿದೆ. “ನೋಡಿ” ಎಂದೆ. “ಇದಕ್ಕಿಂತ ಸಾಕ್ಷಿ ಬೇಕಾ?”

ಛಾವಣಿ ಹಾರುವಂಥ ಚಪ್ಪಾಳೆ. ಭಾವ ತಲೆಯೆತ್ತಿ ನನ್ನನ್ನು ನೋಡಿದರು. ಕಣ್ಣಲ್ಲಿ ನೀರು, ಕೆಮ್ಮಿದರೆ ಬಂದೇ ಬರುತ್ತದೆ. ಇವರು ಅಣ್ಣನನ್ನು ಕರೆದುಕೊಂಡು ಹೊರಗೆ ಹೋದರು. ಈ ವರ್ಷ ಸುಡುವುದಿಲ್ಲ ಎಂದು ಅಧಿಕಾರಿ ಒಪ್ಪಿಕೊಂಡರು.

ಎಷ್ಟು ಸರಿಯಾದ ಸಮಯಕ್ಕೆ ಕೆಮ್ಮಿದರು. ನಾನು ಹೇಳಿಕೊಟ್ಟಿರಲೂ ಇಲ್ಲ.

ಡಿಸೆಂಬರ್ 6

ಒಳ್ಳೆಯ ಬಿಸಿಲು. ತಾರಸಿಯಿಂದ ಆ ಬದಿಯ ಗುಡ್ಡ ಚೆನ್ನಾಗಿ ಕಾಣುತ್ತದೆ. ಹುಲ್ಲು ಆಳೆತ್ತರ ಒಣಗಿ ನಿಂತಿದೆ, ಗಾಳಿ ಬಂದರೆ ಸರಸರ ಸದ್ದು ಇಲ್ಲಿಗೂ ಕೇಳಿದಂತಾಗುತ್ತದೆ. ಉಸಿರಾಟದ ವಾರ್ಡಿನ ಶೀಟುಗಳು ಮಧ್ಯಾಹ್ನಕ್ಕೇ ಒಣಗಿದವು. ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದೆ. ಎಲ್ಲೂ ಒಂದು ಚುಕ್ಕೆಯಿಲ್ಲ.